ದಾರದಕ್ಕ ಕಟ್ಟದ ಚೀಟಿ

ಬಸ್ಸಿನಲ್ಲಿ ಜನ ಏನೇನು ಮರೆತು ಇಳಿಯುತ್ತಾರೆ ಎಂದು ಕೇಳಬೇಡಿ, ಹೇಳಿದರೆ ನಂಬುವುದಿಲ್ಲ. ಕೊಡೆ, ಕನ್ನಡಕ, ಊಟದ ಡಬ್ಬಿ, ಇವೆಲ್ಲ ಸರಿ. ಹಲ್ಲಿನ ಸೆಟ್ಟನ್ನೇ ಮರೆತು ಇಳಿಯುವವರಿಗೆ ಏನನ್ನೋಣ? ಒಂದೇ ಕಾಲಿನ ಬೂಟು ಬಿಟ್ಟು ಹೋದ ಮಹಾಶಯನೊಬ್ಬ ಮನೆಯ ತನಕ ಹೇಗೆ ನಡೆದ ಎಂದು ನಾನು ಇವತ್ತಿಗೂ ಯೋಚಿಸುತ್ತೇನೆ. ಇಂಥವೆಲ್ಲ ಗೋಣಿಚೀಲದಲ್ಲಿ ತುಂಬಿಕೊಂಡು ಡಿಪೋದ ಮೂಲೆಯಲ್ಲಿದ್ದ ನಮ್ಮ ಕೋಣೆಗೆ ಬಂದು ಬೀಳುತ್ತಿದ್ದವು. ಬಾಗಿಲ ಮೇಲೆ ‘ಕಳೆದುಹೋದ ವಸ್ತುಗಳ ವಿಭಾಗ’ ಎಂಬ ಬೋರ್ಡಿತ್ತು. ಡ್ರೈವರುಗಳು ಮಾತ್ರ ಅದನ್ನು ಅನಾಥಾಶ್ರಮ ಎನ್ನುತ್ತಿದ್ದರು. ಅಲ್ಲಿ ಕೆಲಸಕ್ಕಿದ್ದವರು ಇಬ್ಬರು: ನಾನು ಮತ್ತು ದಾರದಕ್ಕ.

ನನ್ನ ವಿಷಯ ಬೇಗ ಮುಗಿಸಿಬಿಡುತ್ತೇನೆ. ಡಿಪೋದಲ್ಲಿ ನನಗೆ ಸಿಡುಕಪ್ಪ ಎಂದು ಹೆಸರು. ಕೋಪ ನನ್ನ ಮೂಗಿನ ತುದಿಯಲ್ಲೇ ಕೂತಿರುತ್ತದೆ, ಒಪ್ಪಿಕೊಳ್ಳುತ್ತೇನೆ. ಆದರೆ ನೀವೇ ಹೇಳಿ, ದಿನವಿಡೀ ಕಿಟಕಿಯ ಮುಂದೆ ಬಂದು ‘ನಂದೊಂದು ಕಪ್ಪು ಕೊಡೆ’ ಎನ್ನುವವರಿಗೆ, ಒಳಗೆ ನೂರು ಕಪ್ಪು ಕೊಡೆ ಇವೆ, ಅದರಲ್ಲಿ ನಿಮ್ಮದು ಯಾವುದು ಮಾರಾಯ್ರೇ ಎಂದು ರೇಗದೆ ಇರುವುದು ಹೇಗೆ? ನಾನು ರೇಗುತ್ತಿದ್ದೆ. ಅಕ್ಕ ಎದ್ದು ಹೋಗಿ, ಆ ನೂರರಲ್ಲಿ ಒಂದನ್ನು ಎತ್ತಿಕೊಂಡು ಬಂದು ಅವರ ಕೈಗೆ ಕೊಡುತ್ತಿದ್ದರು. ಅದು ಅವರದೇ ಆಗಿರುತ್ತಿತ್ತು.

ಅಕ್ಕ ನನಗಿಂತ ಹಿರಿಯರು. ಸಣ್ಣ ಆಳು, ಗಟ್ಟಿ ಕೈ, ತಲೆ ಬಗ್ಗಿಸಿ ನಗುವ ಅಭ್ಯಾಸ. ಬಂದ ವಸ್ತುವಿಗೆ ನಾನು ನಂಬರು ಕೊಡಬೇಕು, ಅವರು ಚೀಟಿ ಕಟ್ಟಬೇಕು, ಅದು ನಮ್ಮ ಕೆಲಸದ ಪಾಲು. ಚೀಟಿ ಕಟ್ಟಲು ಆಫೀಸಿನವರು ಕೊಟ್ಟ ಬಿಳಿ ದಾರದ ಉಂಡೆ ಧೂಳು ತಿನ್ನುತ್ತಾ ಬಿದ್ದಿರುತ್ತಿತ್ತು. ಅಕ್ಕ ಮನೆಯಿಂದಲೇ ಕಂದು ಬಣ್ಣದ ದಾರ ಹೊಸೆದು ತರುತ್ತಿದ್ದರು. “ಆಫೀಸಿನ ದಾರ ಬೇಗ ಕಿತ್ತುಹೋಗತ್ತೆ ಸಾರ್” ಎಂದು ಸಾಹೇಬರಿಗೆ ಹೇಳಿದ್ದರು. ಸಾಹೇಬರು ಅದನ್ನು ಮೀಟಿಂಗಿನಲ್ಲಿ ಹೊಗಳಿದ್ದೂ ಆಯಿತು, ದಾರದಕ್ಕ ಎಂಬ ಹೆಸರು ನಿಂತದ್ದೂ ಆಯಿತು. ಗಂಟು ಹಾಕುವಾಗ ಅವರ ತುಟಿ ಅಲ್ಲಾಡುತ್ತಿತ್ತು. ನಂಬರು ಮರೆಯಬಾರದೆಂದು ಹೇಳಿಕೊಳ್ಳುತ್ತಾರೆ ಎಂದೇ ಎಲ್ಲರೂ ತಿಳಿದಿದ್ದರು, ನಾನೂ ತಿಳಿದಿದ್ದೆ.

ನಮ್ಮ ಕೋಣೆಯ ಫ್ಯಾನು ತಿರುಗಿದರೆ ಹಿಟ್ಟಿನ ಗಿರಣಿ ಓಡಿದ ಹಾಗೆ ಸದ್ದು. ಒಂದು ಮಧ್ಯಾಹ್ನ ಕರೆಂಟು ಹೋಗಿ ಆ ಸದ್ದು ನಿಂತಿತು. ಅಕ್ಕನ ಬಾಯಿ ನಿಲ್ಲಲಿಲ್ಲ. ಕೈಯಲ್ಲೊಂದು ದಪ್ಪ ಗಾಜಿನ ಕನ್ನಡಕ. “ಬಾಪ್ಪಾ, ಬಾ. ನಿನ್ನ ಕಣ್ಣು ಇಲ್ಲಿದೆ. ಎಲ್ಲಿ ಎಡವ್ತಾ ಇದ್ದೀಯೋ ಏನೋ. ಇದಕ್ಕೂ ನಿನ್ನ ಬಿಟ್ಟು ಬೇಜಾರಾಗಿದೆ, ಬಾ.”

“ಅಕ್ಕಾ, ಯಾರ ಹತ್ತಿರ ಮಾತಾಡ್ತಿದ್ದೀರಿ?” ಎಂದೆ.

ಅವರ ಕೈ ಅಲ್ಲಿಗೇ ನಿಂತಿತು. ಬಾಗಿಲ ಕಡೆ ನೋಡಿ, ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು, “ಕೇಳಿಸ್ತಾ? ಕೇಳಿಸ್ಲಿಲ್ಲ ಅಂದ್ಕೊ” ಎಂದರು.

ಅಷ್ಟಕ್ಕೇ ಬಿಡುವವನೇ ನಾನು? ಪೀಡಿಸಿದೆ. ಕೊನೆಗೆ ತಮ್ಮ ಸ್ಟೂಲನ್ನು ಹತ್ತಿರ ಎಳೆದುಕೊಂಡು ಹೇಳಿದರು. ಅವರ ಅಜ್ಜಿಗೆ ಈ ವಿದ್ಯೆ ಗೊತ್ತಿತ್ತಂತೆ. ಕೈಯಲ್ಲಿ ಹೊಸೆದ ದಾರಕ್ಕೆ ತಲೆಯ ಒಂದು ಕೂದಲು ಸೇರಿಸಿ, ವಸ್ತುವಿಗೆ ಕಟ್ಟಿ, ಅದರ ಒಡೆಯನನ್ನು ಕರೆಯುವುದು. “ವಸ್ತುವಿಗೂ ತನ್ನವರು ಬೇಕು ಅಂತ ಆಸೆ ಇರತ್ತೆ. ನಾನು ಆ ಆಸೆಗೆ ಒಂಚೂರು ಬಾಯಿ ಕೊಡ್ತೀನಿ, ಅಷ್ಟೇ.”

“ಅಂದ್ರೆ ಮಾಟ!”

“ಹೂಂ, ಮಾಟಾನೇ. ಹೆಸರು ಕೆಟ್ಟದ್ದು ಅಂತ ಕೆಲಸಾನೂ ಕೆಟ್ಟದ್ದಾಗಬೇಕಾ?”

ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. ಅಷ್ಟರಲ್ಲಿ ಕಿಟಕಿಯ ಹೊರಗೆ ಒಬ್ಬ ಮುದುಕ ಗೋಡೆ ತಡಕುತ್ತಾ ಬಂದು, “ಕನ್ನಡಕ ಏನಾದ್ರೂ ಸಿಕ್ಕಿದೆಯಾ ಸ್ವಾಮೀ?” ಎಂದ. ಕನ್ನಡಕ ಕಳೆದವನು ಕನ್ನಡಕ ಕೇಳಿಕೊಂಡು ಬರುವುದರಲ್ಲಿ ಆಶ್ಚರ್ಯವೇನಿದೆ? ನಾನು ಆಗಲೂ ಹಾಗೇ ಹೇಳಿದ್ದೆ, ಈಗಲೂ ಅದನ್ನೇ ಹೇಳುತ್ತೇನೆ. ಆದರೆ ನಗು ಮಾತ್ರ ನಿಂತಿತ್ತು.

ಈ ವಿಷಯ ನಾನು ಯಾರಿಗೂ ಹೇಳಲಿಲ್ಲ. ಹೇಳಿದರೆ ಏನಾಗುತ್ತಿತ್ತು ಎಂದು ನಿಮಗೂ ಗೊತ್ತು. ನಾಳೆ ಯಾವುದೋ ಬಸ್ಸಿನ ಟೈರು ಪಂಕ್ಚರಾದರೂ ಅಕ್ಕನ ತಲೆಗೇ ಕಟ್ಟುತ್ತಿದ್ದರು. ಕಸ ಗುಡಿಸುವಾಕೆಯ ಕಿವಿಗೆ ಬಿದ್ದರೆ ಮತ್ತೆ ಡಂಗುರದ ಅಗತ್ಯವೇ ಇರಲಿಲ್ಲ. ಅಕ್ಕನಿಗೂ ಅದು ಗೊತ್ತಿತ್ತು. ದರ್ಜಿ ಅಂಗಡಿಯ ಮೇಲೆ ಅವರದೊಂದು ಒಂಟಿ ಕೋಣೆಯ ಮನೆ. ಗಂಡ ತೀರಿಕೊಂಡು ಬಹಳ ಕಾಲವಾಗಿತ್ತು. ಒಮ್ಮೆ ಹೋದಾಗ ನಾನು ಕಳ್ಳನ ಹಾಗೆ ಮೂಲೆ ಮೂಲೆ ನೋಡಿದೆ. ಒಂದು ಮಂಚ, ಒಂದು ಸ್ಟೌವು, ಕಿಟಕಿಯಲ್ಲಿ ಒಣಗಲು ಹಾಕಿದ ಒಂದು ಟವೆಲು. “ಎಲ್ಲಿಟ್ಟಿದ್ದೀರಿ ಅಕ್ಕಾ ನಿಮ್ಮ ಸಾಮಾನೆಲ್ಲ?” ಎಂದು ಪಿಸುಗುಟ್ಟಿದೆ. ಅವರು ಮಂಚದ ಕೆಳಗಿನಿಂದ ಬಿಸ್ಕತ್ತಿನ ಡಬ್ಬ ಎಳೆದು ತೋರಿಸಿದರು. ಒಳಗೆ ಸೂಜಿ, ಗುಂಡಿ, ದಾರ. ಎಲ್ಲರ ಮನೆಯಲ್ಲೂ ಇರುವಂಥದ್ದೇ.

“ನಂಬಿಕೆ ಅನ್ನೋದು ಒಳಗಂಗಿ ಇದ್ದ ಹಾಗೆ ಕಣಪ್ಪಾ. ಹಾಕ್ಕೊಂಡಿರಬೇಕು, ಬೀದೀಲಿ ತೋರಿಸ್ಕೊಂಡು ತಿರುಗಬಾರದು” ಎಂದು ಡಬ್ಬವನ್ನು ಮತ್ತೆ ಒಳಗೆ ತಳ್ಳಿದರು.

ಹೀಗೇ ವರ್ಷಗಳು ಹೋದವು. ನಾನು ನಂಬರು ಕೊಡುತ್ತಾ ಗೊಣಗುವುದು, ಅವರು ದಾರ ಕಟ್ಟುತ್ತಾ ಗೊಣಗುವುದು. ಜೋಡಿ ಚೆನ್ನಾಗಿತ್ತು ಎನ್ನಬಹುದು.

ಆಮೇಲೆ ಆ ಫ್ಲಾಸ್ಕು ಬಂತು. ಮಳೆಗಾಲದ ಒಂದು ಬೆಳಿಗ್ಗೆ ಗೋಣಿಚೀಲ ಸುರಿದಾಗ ಉರುಳಿಕೊಂಡು ಬಂದು ನನ್ನ ಕಾಲಿಗೆ ತಾಗಿತು. ಹಸಿರು ಫ್ಲಾಸ್ಕು, ಅದಕ್ಕೆ ಕೆಂಪು ಮುಚ್ಚಳ. ಯಾವುದೋ ಫ್ಲಾಸ್ಕಿನ ಮುಚ್ಚಳ ಯಾವುದಕ್ಕೋ ಕೂತಿತ್ತು. ನಂಬರು ಕೊಟ್ಟು ಅಕ್ಕನ ಕಡೆ ಚಾಚಿದೆ. ಅವರು ತೆಗೆದುಕೊಳ್ಳಲಿಲ್ಲ. ಎರಡೂ ಕೈಯನ್ನು ಸೆರಗಿನೊಳಗೆ ಮುದುರಿ ಹಿಡಿದುಕೊಂಡರು.

“ಇದಕ್ಕೆ ಚೀಟಿ ನೀನೇ ಕಟ್ಟು” ಎಂದರು. “ಆಫೀಸಿನ ದಾರದಲ್ಲಿ.”

ಇಷ್ಟು ವರ್ಷದಲ್ಲಿ ಅವರು ಆ ಮಾತು ಹೇಳಿದ್ದಿಲ್ಲ. ಬಿಳಿ ದಾರದಲ್ಲಿ ಹೇಗೋ ಸುತ್ತಿ, ಮೇಲಿನ ಕಪಾಟಿನಲ್ಲಿ ಇಟ್ಟು, ಹೋಗಿ ಎರಡು ಟೀ ತಂದೆ. ಅಕ್ಕ ಟೀ ಮುಟ್ಟದೆ ಹೇಳಿದರು:

“ನನ್ನ ಮಗಳದ್ದು. ಸ್ಕೂಲಿಗೆ ಹೋಗುವಾಗ ಅದರ ಮುಚ್ಚಳ ಕಳ್ಕೊಂಡು ಬಂದು ಅತ್ತಿದ್ಲು. ನಾನೇ ಹುಡುಕಿ ಈ ಕೆಂಪು ಮುಚ್ಚಳ ತಂದು ಹಾಕಿದ್ದೆ.”

ಮಗಳೊಬ್ಬಳಿದ್ದಾಳೆ, ದೂರದ ಊರಿನಲ್ಲಿದ್ದಾಳೆ ಎಂದಷ್ಟೇ ನನಗೆ ಗೊತ್ತಿತ್ತು. ಹೆಚ್ಚು ಕೇಳಿದರೆ ಅಕ್ಕ ಯಾವಾಗಲೂ ಮಾತು ಬದಲಿಸುತ್ತಿದ್ದರು. ಅವತ್ತು ಬದಲಿಸಲಿಲ್ಲ. ಆ ಹುಡುಗಿಗೆ ಬಣ್ಣದ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿತ್ತಂತೆ, ಬಣ್ಣ ಬೆರೆಸಿ ಪರೀಕ್ಷೆ ಮಾಡುವ ಕೆಲಸ. ಅರ್ಧ ದಿನದ ಬಸ್ಸಿನ ದಾರಿ. ಅವಳು ಹೊರಡುವಾಗ ಅಕ್ಕನಿಗೆ ತಡೆಯಲಾಗದೆ, ಸೂಟ್‌ಕೇಸಿನ ಹಿಡಿಯ ಒಳಗೆ ಒಂದು ಎಳೆ ದಾರ ಸೇರಿಸಿ ಹೊಲಿದುಬಿಟ್ಟರು. ತಿರುಗಿ ಬರಲಿ ಎಂದು. ಬೇರೆ ಯಾವ ತಾಯಿಯೂ ಮಾಡಲಾಗದ ತಪ್ಪು ಅದು.

ಹುಡುಗಿ ಹೋದ ದಿನದಿಂದ ಅಳು. ಮನೆ ನೆನಪು, ಊಟ ಸೇರದು, ನಿದ್ದೆ ಬಾರದು. ಇನ್ನು ಆಗುವುದಿಲ್ಲ, ವಾಪಸ್ಸು ಹೋಗಿಬಿಡೋಣ ಎಂದು ಸೂಟ್‌ಕೇಸು ಎತ್ತಿದಾಗ ಹಿಡಿ ಕಿತ್ತುಬಂದು ಒಳಗಿನ ಕಂದು ದಾರ ಕಾಣಿಸಿತು. ಆ ದಾರದ ಅರ್ಥ ಅವಳಿಗೆ ಗೊತ್ತಿರಲಿಲ್ಲವೇ? ಆ ಮಡಿಲಲ್ಲೇ ಬೆಳೆದವಳು.

“ಆ ದಾರ ತಂದು ನನ್ನ ಮುಖಕ್ಕೆಸೆದ್ಲು. ‘ನನ್ನ ಅಳು ನಂದೋ ನಿಂದೋ ಅಂತಾನೇ ನನಗೆ ಗೊತ್ತಾಗ್ತಿಲ್ಲಮ್ಮ. ಇನ್ನೊಂದ್ಸಲ ನನ್ನ ಮೇಲೆ ಕೈ ಆಡಿಸಿದ್ರೆ ನಿನಗೆ ಮಗಳೇ ಇಲ್ಲ ಅಂದ್ಕೊ’ ಅಂದ್ಲು. ಸತ್ರೂ ಕರೆಯಲ್ಲ ಅಂತ ಮಾತು ಕೊಟ್ಟೆ. ಅವತ್ತು ಹೋದವಳು ಹೋದ್ಲು.”

“ಫೋನಾದ್ರೂ ಮಾಡಬೇಕಿತ್ತು.”

“ಫೋನ್ ಮಾಡಿದ್ರೂ ಕರೆದ ಹಾಗೇ ಅಲ್ವಾ? ನನ್ನ ದನಿ ಕೇಳಿ ಅವಳಿಗೆ ಬರಬೇಕು ಅನ್ನಿಸಿದ್ರೆ, ಮತ್ತೆ ಅದೇ ಅನುಮಾನ.”

“ಇದು ಯಾವ ಸೀಮೆ ನ್ಯಾಯ ಅಕ್ಕಾ!” ಎಂದು ರೇಗಿದೆ. ಅವರು ರೇಗಲಿಲ್ಲ. ಮೇಲಿನ ಕಪಾಟು ನೋಡುತ್ತಾ, “ಈ ಊರಿಗೆ ಬಂದಿದ್ದಾಳೆ ನೋಡು. ಫ್ಲಾಸ್ಕು ಸಿಕ್ಕಿದ್ದು ನಮ್ಮ ಮನೆ ಕಡೆ ಬಸ್ಸಲ್ಲಿ. ಕೊನೇ ಸ್ಟಾಪಿನ ತನಕ ಬಂದು, ನನ್ನ ಮನೆ ಹತ್ತಿರ ಬಂದು, ಹಾಗೇ ಹೋಗಿದ್ದಾಳೆ” ಎಂದರು. ಆಗ ಅತ್ತರು. ಫ್ಯಾನಿನ ಸದ್ದಿನಲ್ಲಿ ಅಳು ಹೊರಗೆ ಕೇಳಿಸಲಿಲ್ಲ. ನಾನು ಸಮಾಧಾನ ಹೇಳಲು ಬರದೆ ಫ್ಯಾನನ್ನು ಬೈದೆ.

ಅಲ್ಲಿಂದ ಶುರುವಾಯಿತು ನನ್ನ ಹೊಟ್ಟೆಯುರಿ. ಊರವರ ಕೊಡೆ ಡಬ್ಬಿಗಳಿಗೆಲ್ಲ ಬಾಪ್ಪಾ ಬಾರಮ್ಮಾ ಎಂದು ದಾರ ಕಟ್ಟುವ ಕೈ, ಸ್ವಂತ ಮಗಳ ಫ್ಲಾಸ್ಕಿನ ಧೂಳು ಕೂಡ ಒರೆಸುತ್ತಿರಲಿಲ್ಲ. ಒರೆಸುವುದು ನನ್ನ ಪಾಲಿಗೆ ಬಂತು. ಒಂದೆರಡು ಸಲ ಅಕ್ಕ ಸ್ಟೂಲು ಹತ್ತಿ, ಆ ಕಪಾಟಿನ ಎದುರು ನಿಂತು, ಕೈ ಚಾಚಿ, ಮತ್ತೆ ಇಳಿದದ್ದನ್ನು ನೋಡಿದ್ದೇನೆ. ಯಾರೂ ಕೇಳದ ವಸ್ತುಗಳನ್ನು ವರ್ಷದ ಕೊನೆಯಲ್ಲಿ ಹರಾಜು ಹಾಕುವುದು ರೂಢಿ. ಹಳೆ ಫ್ಲಾಸ್ಕು ಹರಾಜಿಗೂ ಲಾಯಕ್ಕಿಲ್ಲ, ನೇರವಾಗಿ ಗುಜರಿಗೆ ಹೋಗುತ್ತದೆ. ಅದು ಹೋದರೆ, ಮಗಳು ಕೇಳಿಕೊಂಡು ಬರಲು ಇದ್ದ ಒಂದೇ ನೆಪವೂ ಹೋದ ಹಾಗೆ. ಮಳೆಗಾಲ ಮುಗಿದು ಚಳಿ ಬಂತು. ಹುಡುಗಿಯ ಸುಳಿವಿಲ್ಲ.

ಒಂದು ದಿನ ಅಕ್ಕ ಊಟಕ್ಕೆ ಹೋದಾಗ ನಾನು ಅವರ ಡ್ರಾಯರಿನಿಂದ ಕಂದು ದಾರ ತೆಗೆದು, ಬಾಗಿಲು ಮುಂದೆ ಮಾಡಿ, ಫ್ಲಾಸ್ಕನ್ನು ಕೆಳಗಿಳಿಸಿದೆ. ಮಾತು ಕೊಟ್ಟವರು ಅವರು, ನಾನಲ್ಲವಲ್ಲ! ದಾರ ಸುತ್ತಿದೆ. ಕೂದಲು ಸೇರಿಸೋಣ ಎಂದು ತಲೆಗೆ ಕೈ ಹಾಕಿದರೆ, ನನ್ನ ತಲೆಯಲ್ಲಿ ಕೂದಲಿದ್ದರೆ ತಾನೇ? ಕಿವಿಯ ಪಕ್ಕದಲ್ಲಿ ಹುಡುಕಿ ಒಂದನ್ನು ಕೀಳಲು ಒದ್ದಾಡುತ್ತಿದ್ದಾಗ ಅಕ್ಕ ಒಳಗೆ ಬಂದರು.

“ಗಂಟು ಹಾಕಿದ್ಯಾ?”

“ಇಲ್ಲ.”

“ಬಾಯಿ ಬಿಟ್ಟು ಏನಾದ್ರೂ ಅಂದ್ಯಾ?”

“ಏನನ್ನಬೇಕು ಅಂತ ಗೊತ್ತಿದ್ರೆ ತಾನೇ!”

ದಾರವನ್ನು ನನ್ನ ಕೈಯಿಂದ ಕಿತ್ತುಕೊಂಡರು. ಅವರ ಕೋಪವನ್ನು ನಾನು ಅದೇ ಮೊದಲು ನೋಡಿದ್ದು. “ನಿನ್ನ ಕೈಯಿಂದ ಕರೆಸಿದ್ರೂ ನಾನು ಮಾತು ತಪ್ಪಿದ ಹಾಗೇ. ಅವಳು ಬರದಿದ್ರೆ ನನಗೆ ಮಗಳಿಲ್ಲ, ಅಷ್ಟೇ. ಎಳೆದು ತರಿಸಿದ್ರೆ ಅವಳಿಗೆ ಅವಳೇ ಇಲ್ಲದ ಹಾಗಾಗತ್ತೆ. ಅಷ್ಟೂ ಅರ್ಥ ಆಗಲ್ವಾ ನಿನಗೆ?” ಎಂದು ಗದರಿದರು. ನಾನು ಫ್ಲಾಸ್ಕನ್ನು ಮತ್ತೆ ಮೇಲಿನ ಕಪಾಟಿಗೆ ಏರಿಸಿದೆ. ಹೊರಡುವ ಹೊತ್ತಿಗೆ ಅಕ್ಕನೇ ನನ್ನ ತಲೆ ನೋಡಿ, “ಇರೋ ನಾಲ್ಕು ಕೂದಲೂ ಕಿತ್ಕೊಳ್ಳೋಕೆ ಹೊರಟಿದ್ದೆಯಲ್ಲೋ, ಪಾಪ” ಎಂದು ನಕ್ಕರು.

ಹರಾಜಿನ ವಾರ ಬಂತು. ಗುಜರಿಯವನು ಬೆಳಿಗ್ಗೆಯೇ ತಳ್ಳುಗಾಡಿ ತಂದು ಬಾಗಿಲಿಗೆ ಅಡ್ಡ ನಿಲ್ಲಿಸಿ ಕಾಯುತ್ತಿದ್ದ. ಅವನಿಗೆ ಎಲ್ಲದಕ್ಕೂ ಅವಸರ. ಒಡೆದ ಡಬ್ಬಿ, ಕಡ್ಡಿ ಮುರಿದ ಕೊಡೆ ಎಲ್ಲ ಚೀಲಕ್ಕೆ ಹೋದವು. ಮೇಲಿನ ಕಪಾಟಿಗೆ ಬಂದಾಗ ನಾನು ಬೇಕೆಂದೇ ನಿಧಾನ ಮಾಡಿದೆ. “ಇದಿರಲಿ ಅಕ್ಕಾ, ನನ್ನ ಮನೆಗೆ ಒಯ್ತೀನಿ” ಎಂದೆ. “ನಿಂದಾ ಅದು? ಅಲ್ವಲ್ಲ” ಎಂದು ಅವರೇ ಸ್ಟೂಲು ಹತ್ತಿದರು. ಆ ಫ್ಲಾಸ್ಕನ್ನು ಅವರು ಮುಟ್ಟಿದ್ದು ಅದೇ ಮೊದಲು. ಎರಡೂ ಕೈಯಲ್ಲಿ ಹಿಡಿದುಕೊಂಡು ಇಳಿದವರು, ಚೀಲಕ್ಕೆ ಹಾಕದೆ ಸುಮ್ಮನೆ ನಿಂತುಬಿಟ್ಟರು.

“ಅದು ನಂದು” ಎಂದಿತು ಒಂದು ದನಿ.

ತಳ್ಳುಗಾಡಿಯ ಆಚೆ ಒಬ್ಬಳು ನಿಂತಿದ್ದಳು. ಮೂವತ್ತರ ಆಸುಪಾಸು, ಹೆಗಲಿಗೊಂದು ಚೀಲ, ಉಗುರಿನ ಸಂದಿಯಲ್ಲಿ ನೀಲಿ ಬಣ್ಣ. ಅಕ್ಕನದೇ ಗಲ್ಲ, ಅಕ್ಕನದೇ ಹಣೆ. ಯಾರೆಂದು ಯಾರೂ ಹೇಳಬೇಕಿರಲಿಲ್ಲ. ಗಾಡಿಯನ್ನು ಸರಿಸಿ ನೇರವಾಗಿ ಒಳಗೆ ಬಂದು ಅಮ್ಮನ ಕೈಯಿಂದ ಫ್ಲಾಸ್ಕನ್ನು ತೆಗೆದುಕೊಂಡಳು. ಚೀಟಿ ತಿರುಗಿಸಿದಳು. ಮುಚ್ಚಳ ಬಿಚ್ಚಿ ಅದರ ಸುತ್ತು ನೋಡಿದಳು, ಬುಡ ನೋಡಿದಳು, ಹಿಡಿಯ ಸಂದಿಯಲ್ಲಿ ಉಗುರು ಆಡಿಸಿದಳು. ಆಮೇಲೆ ಕಪಾಟುಗಳ ಕಡೆ ಕಣ್ಣು ಹಾಯಿಸಿದಳು. ಎಲ್ಲ ವಸ್ತುಗಳ ಮೇಲೂ ಕಂದು ದಾರ.

“ಇದೊಂದಕ್ಕೆ ಮಾತ್ರ ಬಿಳಿ ದಾರ” ಎಂದಳು.

“ನೀನು ಬೇಡ ಅಂದಿದ್ದೆಯಲ್ಲ ಮಗಳೇ.”

“ಒಂದೇ ಒಂದು ಎಳೆಯೂ ಹಾಕ್ಲಿಲ್ವಾ?”

“ಮುಟ್ಟಿದ್ದೂ ಇವತ್ತೇ. ಬೇಕಾದ್ರೆ ಇವನನ್ನ ಕೇಳು” ಎಂದು ಅಕ್ಕ ನನ್ನ ಕಡೆ ನೋಡಿದರು. ನಾನು ಹೌದು ಹೌದು ಎಂದು ಕತ್ತು ಕಿತ್ತುಬರುವ ಹಾಗೆ ತಲೆಯಾಡಿಸಿದೆ.

ಅವಳಿಗೆ ನೆಮ್ಮದಿಯಾಗುತ್ತದೆ ಎಂದುಕೊಂಡಿದ್ದೆ. ಅವಳು ಕೆಂಡವಾದಳು.

“ಬೇಕಂತಲೇ ಬಿಟ್ಟು ಹೋಗಿದ್ದೆ ಅಮ್ಮಾ ನಾನು! ಕೊನೇ ಸ್ಟಾಪಿನ ತನಕ ಬಂದು, ನಿನ್ನ ಮನೆ ಕಡೆ ಕಾಲೇ ಬರದೆ, ಇದನ್ನ ಸೀಟಿನ ಮೇಲೆ ಇಟ್ಟು ಮುಂದಿನ ಬಸ್ಸಿಗೆ ವಾಪಸ್ಸು ಹೋದೆ. ಇಲ್ಲಿಗೇ ಬರತ್ತೆ ಅಂತ ಗೊತ್ತಿತ್ತು. ನೋಡಿದ ತಕ್ಷಣ ನೀನು ಕರೀತೀಯ, ಮಾತು ಮುರೀತೀಯ, ಆಗ ಬಂದು ಚೆನ್ನಾಗಿ ಜಗಳ ಆಡೋಣ ಅಂತ ಕಾದೆ. ದಿನಾ ಕಾದೆ. ಏನೂ ಇಲ್ಲ! ಒಂದು ಸಲನಾದ್ರೂ ಕರೀಬೇಕು ಅನ್ನಿಸ್ಲಿಲ್ವಾ ನಿನಗೆ?”

“ದಿನಾ ಅನ್ನಿಸ್ತಿತ್ತು” ಎಂದರು ಅಕ್ಕ. “ಇಲ್ಲಿ ಕೂತು ಯಾರ್ಯಾರನ್ನೋ ಕರೆಯೋವಾಗೆಲ್ಲ ಅನ್ನಿಸ್ತಿತ್ತು. ನಾಲಿಗೆ ಕಚ್ಕೊಂಡು ಕೂತಿದ್ದೆ.”

“ಅಮ್ಮಾ, ಫ್ಲಾಸ್ಕು ಹಾಕೋದಾ ಬೇಡ್ವಾ? ನನಗೆ ಹೊತ್ತಾಗತ್ತೆ” ಎಂದ ಗುಜರಿಯವನು. ದಾರ, ಎಳೆ, ಕರೆಯುವುದು, ಇದಾವುದೂ ಅವನ ತಲೆಗೆ ಹತ್ತಿರಲಿಲ್ಲ. ತಾಯಿ ಮಗಳು ಚೀಟಿಯ ದಾರದ ಬಣ್ಣಕ್ಕೆ ಜಗಳವಾಡುತ್ತಿದ್ದಾರೆ ಎಂದೇ ಅವನು ತಿಳಿದಿದ್ದ. ಅವನ ರಟ್ಟೆ ಹಿಡಿದು ಹೊರಗೆ ಎಳೆದುಕೊಂಡು ಹೋಗಿ ಬಾಗಿಲು ಹಾಕಿದೆ. ಕಿಟಕಿಯನ್ನೂ ಮುಚ್ಚಿ, ಸಾಲಿನಲ್ಲಿದ್ದವರಿಗೆ ಇವತ್ತು ಕಪ್ಪು ಕೊಡೆ ಸಿಗುವುದಿಲ್ಲ, ನಾಳೆ ಬನ್ನಿ ಎಂದೆ. ಬೈದರು. ಬೈಯಲಿ, ನಾನೇನು ಕಮ್ಮಿ ಬೈದಿದ್ದೇನೆಯೇ?

ಗಾಡಿಯ ಮೇಲೆ ಕೂತಿದ್ದ ನನಗೆ ಒಳಗಿನ ಮಾತು ಕೇಳುತ್ತಿತ್ತು. ಕದ್ದು ಕೇಳಿದೆ ಎನ್ನಬೇಡಿ, ಬಾಗಿಲು ತೆಳ್ಳಗಿತ್ತು.

“ಅಲ್ಲಿ ಮಾಡಿದ್ದೆಲ್ಲ ನಾನೇ ಮಾಡಿದ್ದು ಅಂತ ಈಗ ಗೊತ್ತಾಗಿದೆ ಅಮ್ಮಾ. ಕೆಲಸ ಕಲಿತದ್ದು, ಮನೆ ಮಾಡಿದ್ದು, ಅತ್ತಿದ್ದು ಕೂಡ. ಇವತ್ತು ಬಸ್ಸು ಹತ್ತಿದ್ದೂ ನಾನೇ.”

“ಹೌದು, ನೀನೇ.”

ಆಮೇಲೆ ಅಕ್ಕನ ದನಿ, ಬಹಳ ಸಣ್ಣಗೆ: “ಇನ್ಮೇಲೆ ಕರೀಬಹುದಾ?”

“ದಾರ ಗೀರ ಏನೂ ಬೇಡ. ಎಲ್ಲ ಅಮ್ಮಂದಿರ ಹಾಗೆ ಫೋನ್ ಮಾಡಿ ಬಾ ಅನ್ನು. ಆದ್ರೆ ಬರ್ತೀನಿ, ಆಗದಿದ್ರೆ ಆಗಲ್ಲ ಅಂತೀನಿ. ನೀನು ಬೈಯಿ, ನಾನೂ ಬೈತೀನಿ.”

ಅವತ್ತು ಹುಡುಗಿ ಅಮ್ಮನ ಮನೆಯಲ್ಲೇ ಉಳಿದು ಮಾರನೆಯ ದಿನ ಬಸ್ಸು ಹತ್ತಿದಳು. ಫ್ಲಾಸ್ಕನ್ನು ಒಯ್ದಳು. ಅಕ್ಕ ಒಂದು ವಾರ ನೆಲದ ಮೇಲೆ ನಡೆಯಲಿಲ್ಲ, ಫೋನನ್ನು ಮಾತ್ರ ಮುಟ್ಟಲಿಲ್ಲ. ನಾನು ಕೆಣಕಿದೆ, ಛೇಡಿಸಿದೆ, ಕೊನೆಗೆ ಆಫೀಸಿನ ಫೋನನ್ನೇ ತಂದು ಅವರ ಮೇಜಿನ ಮೇಲೆ ಕುಕ್ಕಿದೆ. “ಮಾಟ ಮಾಡೋಕೆ ಹೆದರಿಲ್ಲ, ಫೋನಿಗೆ ಹೆದರ್ತೀರಲ್ಲ ಅಕ್ಕಾ!”

“ಶ್, ಮೆಲ್ಲಗೆ!” ಎಂದು ಬಾಗಿಲ ಕಡೆ ನೋಡಿ, ನಂಬರು ಒತ್ತಿದರು.

“ಹಲೋ, ನಾನು ಅಮ್ಮ... ಏನಿಲ್ಲ, ಸುಮ್ನೆ... ಈ ಭಾನುವಾರ ಬರ್ತೀಯಾ?”

ಆ ಕಡೆಯಿಂದ ಏನೋ ಹೇಳಿದಳು. ಅಕ್ಕ ಹೂಂ, ಹೂಂ ಎಂದರು. ಫೋನಿಟ್ಟು ನನ್ನ ಕಡೆ ತಿರುಗಿದರು. ಕಣ್ಣಲ್ಲಿ ನೀರು, ಮುಖದ ತುಂಬ ನಗು.

“ಬರಲ್ವಂತೆ ಕಣೋ!” ಎಂದರು. “ಕೆಲಸ ಇದೆಯಂತೆ. ಆಗಲ್ಲಮ್ಮ ಅಂದುಬಿಟ್ಲು, ಎಷ್ಟು ಸಲೀಸಾಗಿ ಅಂದ್ಲು ಗೊತ್ತಾ!”

ಅವತ್ತು ಇಡೀ ಡಿಪೋಗೆ ಅಕ್ಕನೇ ಟೀ ಕೊಡಿಸಿದರು. ಏನು ವಿಶೇಷ ಅಕ್ಕಾ ಎಂದು ಡ್ರೈವರುಗಳು ಕೇಳಿದರೆ, “ನನ್ನ ಮಗಳು ಭಾನುವಾರ ಬರಲ್ವಂತೆ” ಎಂದು ಒಬ್ಬೊಬ್ಬರಿಗೂ ಹೇಳಿ ನಗುತ್ತಿದ್ದರು.